ಗರ್ಲ್‌ಫ್ರೆಂಡ್ ಫಿಲಿಪೀನ್ಸ್‌ನಿಂದ ಜರ್ಮನಿಗೆ ಬರಬೇಕು: ವೀಸಾ ಮೊದಲಾ, ಟಿಕೆಟ್ ಮೊದಲಾ?

ಎಲೆಮರೆ_ಕಾಯಿ:
ನಾನು ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರ ರೆಸಿಡೆನ್ಸ್ ಪರ್ಮಿಟ್) ಮೇಲೆ ಇದ್ದೀನಿ, ಭಾರತದ ಪಾಸ್‌ಪೋರ್ಟ್. ಗರ್ಲ್‌ಫ್ರೆಂಡ್ ಫಿಲಿಪೀನ್ಸ್‌ನವಳು, ಮನಿಲಾದಲ್ಲಿ ಕೆಲಸ. ಮದುವೆ ಆಗಿಲ್ಲ. ಇಷ್ಟು ದಿನ ನಾನೇ ಹೋಗಿ ಬರ್ತಿದ್ದೆ, ಈ ಸಲ ಅವಳು ಇಲ್ಲಿಗೆ ಮೂರು ವಾರದ ಮಟ್ಟಿಗೆ ಬರಬೇಕು ಅಂತ ಪ್ಲಾನ್.

ತಲೆ ಕೆಟ್ಟಿರೋದು ಟಿಕೆಟ್ ವಿಷಯಕ್ಕೆ. ಅಲ್ಲಿನ ಒಬ್ಬ ಏಜೆಂಟ್ "ದುಡ್ಡು ಕಟ್ಟಿ ಕನ್ಫರ್ಮ್ ಮಾಡಿದ ರಿಟರ್ನ್ ಟಿಕೆಟ್ ಇಲ್ಲದಿದ್ರೆ ಫೈಲ್ ಮುಟ್ಟೋದೇ ಇಲ್ಲ" ಅಂತಾನೆ. ಅವಳ ಆಫೀಸಿನವರು "ಡಮ್ಮಿ ಟಿಕೆಟ್ ಸಾಕು" ಅಂತಾರೆ. ಚೆಕ್‌ಲಿಸ್ಟ್ ನೋಡಿದ್ರೆ ಬರೀ "ರಿಸರ್ವೇಶನ್" ಅಂತಿದೆ. ಟಿಕೆಟ್ ತಗೊಂಡು ವೀಸಾ ರಿಜೆಕ್ಟ್ ಆದ್ರೆ ಆ ದುಡ್ಡು ಯಾರು ಕೊಡ್ತಾರೆ?

ಇನ್ನೊಂದು. ಅರ್ಜಿಯಲ್ಲಿ ನನ್ನನ್ನ "ಫ್ರೆಂಡ್" ಅಂತ ಹಾಕೋದಾ, "ಬಾಯ್‌ಫ್ರೆಂಡ್" ಅಂತ ಹಾಕೋದಾ? ಬಾಯ್‌ಫ್ರೆಂಡ್ ಅಂದ್ರೆ ವಾಪಸ್ ಹೋಗಲ್ಲ ಅಂತ ಅನುಮಾನ ಪಡ್ತಾರಂತೆ. ಅನುಭವ ಇರೋರು ಹೇಳಿ. "ಗೂಗಲ್ ಮಾಡು" ಅನ್ನೋರು ದಯವಿಟ್ಟು ಮುಂದಿನ ಥ್ರೆಡ್‌ಗೆ ಹೋಗಿ.

ಸುಮ್ನೆ_ಓದೋನು:
ಗೂಗಲ್ ಮಾಡು 😀

ಕಡತ_ಕೋಣೆ:
ಮೊದಲು ಆ ಏಜೆಂಟನ್ನ ಬಿಡಿ. ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯೂರೋಪಿನ ದೇಶಗಳ ಗುಂಪು) ವೀಸಾ ಕೋಡ್, ಅಂದ್ರೆ 2009ರ 810ನೇ ನಿಯಮಾವಳಿ, ಅದರ ಎರಡನೇ ಅನುಬಂಧದಲ್ಲಿ ವಾಪಸ್ ಹೋಗೋದಕ್ಕೆ ಪುರಾವೆ ಅಂತ ಕೇಳಿರೋದು ರಿಟರ್ನ್ ಟಿಕೆಟ್ "ಅಥವಾ ಅದರ ರಿಸರ್ವೇಶನ್". ದುಡ್ಡು ಕಟ್ಟಿದ ಟಿಕೆಟ್ಟೇ ಆಗಬೇಕು ಅಂತ ಎಲ್ಲೂ ಇಲ್ಲ. ವೀಸಾ ಕೈಗೆ ಬರೋ ತನಕ ಟಿಕೆಟ್ ಕೊಳ್ಳಬೇಡಿ ಅಂತ ಎಷ್ಟೋ ಎಂಬೆಸಿಗಳೇ ಹೇಳುತ್ವೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋ ಕೆಲಸ ಬೇಡ.

ಆದ್ರೆ ರಿಸರ್ವೇಶನ್ ಅಂದ್ರೆ ರಿಸರ್ವೇಶನ್ನೇ ಆಗಿರಬೇಕು. ಪಿಎನ್‌ಆರ್ ಹಾಕಿದ್ರೆ ಏರ್‌ಲೈನ್ ಸೈಟ್‌ನಲ್ಲಿ ಹೆಸರು, ತಾರೀಕು ಕಾಣಬೇಕು. ಯಾರೋ ಫೋಟೋಶಾಪ್‌ನಲ್ಲಿ ಮಾಡಿಕೊಟ್ಟ ಪಿಡಿಎಫ್ ಅಲ್ಲ.

ರನ್‌ವೇ_ರಂಗ:
+1. ಜನ "ಡಮ್ಮಿ ಟಿಕೆಟ್" ಅಂತ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಇಟ್ಟಿದ್ದಾರೆ. ಒಂದು, ಟ್ರಾವೆಲ್ ಏಜೆನ್ಸಿ ಸಿಸ್ಟಮ್‌ನಲ್ಲಿ ನಿಜವಾಗಿ ಸೀಟ್ ಹೋಲ್ಡ್ ಮಾಡೋದು. ಟಿಕೆಟ್ ಇಶ್ಯೂ ಆಗಿರಲ್ಲ, ಗಡುವು ಮುಗಿದ ಮೇಲೆ ತಾನೇ ಬಿದ್ದು ಹೋಗುತ್ತೆ. ಇನ್ನೊಂದು, ಬರೀ ಚಿತ್ರ. ಮೊದಲನೆಯದು ಸರಿ, ಎರಡನೆಯದು ವಂಚನೆ.

ಹೋಲ್ಡ್‌ನ ತೊಂದರೆ ಏನಂದ್ರೆ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಬಿದ್ದು ಹೋಗುತ್ತೆ. ಫೈಲ್ ಆಫೀಸರ್ ಮೇಜಿಗೆ ಬರೋ ಹೊತ್ತಿಗೆ ಪಿಎನ್‌ಆರ್ ಸತ್ತಿರುತ್ತೆ. ಹಾಗಾಗಿ ನನ್ನ ಸಲಹೆ ಪೂರ್ತಿ ರೀಫಂಡ್ ಸಿಗೋ ಫೇರ್. ಇಕಾನಮಿಯಲ್ಲೂ ಸಿಗುತ್ತೆ, ಸ್ವಲ್ಪ ದುಬಾರಿ. ವೀಸಾ ಬಂದ ಮೇಲೆ ಅದನ್ನ ಕ್ಯಾನ್ಸಲ್ ಮಾಡಿ ಅಗ್ಗದ್ದು ತಗೊಳ್ಳಿ. ಮೈಲ್ಸ್ ಇದ್ರೆ ಇನ್ನೂ ಒಳ್ಳೇದು, ಬಹಳಷ್ಟು ಏರ್‌ಲೈನ್‌ಗಳಲ್ಲಿ ಮೈಲ್ಸ್ ಬುಕಿಂಗ್ ಕ್ಯಾನ್ಸಲ್ ಫೀ ಕಡಿಮೆ.

ಬಿಸಿಲುಕುದುರೆ:
ರೀಫಂಡಬಲ್ ಅಂತ ಓದಿ ತಗೊಂಡೆ, ದುಡ್ಡಿನ ಬದಲು ವೌಚರ್ ಕೊಟ್ರು. ಮೂರನೇ ಪಾರ್ಟಿ ಸೈಟ್‌ನಲ್ಲಿ ತಗೊಳ್ಳೋ ಮುಂಚೆ "ರೀಫಂಡ್ ಮೂಲ ಕಾರ್ಡ್‌ಗೇ" ಅಂತ ಬರೆದಿದ್ಯಾ ನೋಡಿ. ಏರ್‌ಲೈನ್ ಸೈಟ್‌ನಿಂದ ನೇರ ತಗೊಳ್ಳೋದು ವಾಸಿ.

ಮಳೆಬಿಲ್ಲು:
ಅಮೆರಿಕದ್ದು 24 ಗಂಟೆ ನಿಯಮ ಇದೆ ಅಲ್ವಾ, ಬುಕ್ ಮಾಡಿ 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ವಾಪಸ್?

ರನ್‌ವೇ_ರಂಗ:
ಅದು ಅಮೆರಿಕಕ್ಕೆ ಹೋಗೋ, ಬರೋ ವಿಮಾನಗಳಿಗೆ, ಅದೂ ಪ್ರಯಾಣಕ್ಕೆ ಏಳು ದಿನಕ್ಕಿಂತ ಮುಂಚೆ ಏರ್‌ಲೈನ್‌ನಿಂದಲೇ ನೇರ ಬುಕ್ ಮಾಡಿದ್ರೆ. ಮನಿಲಾದಿಂದ ಫ್ರಾಂಕ್‌ಫರ್ಟ್‌ಗೆ ಅದು ಲೆಕ್ಕಕ್ಕಿಲ್ಲ. ಕೆಲವು ಏರ್‌ಲೈನ್‌ಗಳು ತಾವಾಗೇ ಎಲ್ಲಾ ಕಡೆ ಕೊಡುತ್ವೆ, ಅದು ಅವರ ಔದಾರ್ಯ.

ತಿರುಗಾಲ:
ಎಲ್ಲರೂ ಟಿಕೆಟ್ ಟಿಕೆಟ್ ಅಂತಿದ್ದೀರಿ. ಟಿಕೆಟ್ಟಿನಿಂದ ವೀಸಾ ಸಿಕ್ಕಿದ್ದನ್ನೂ ನೋಡಿಲ್ಲ, ತಪ್ಪಿದ್ದನ್ನೂ ನೋಡಿಲ್ಲ. ರಿಜೆಕ್ಷನ್ ಬರೋದು "ವೀಸಾ ಅವಧಿ ಮುಗಿಯೋ ಮುಂಚೆ ಹೊರಡುವ ಉದ್ದೇಶದ ಬಗ್ಗೆ ಅನುಮಾನ" ಅನ್ನೋ ಚೌಕಕ್ಕೆ ಟಿಕ್ ಹಾಕಿಸಿಕೊಂಡು. ಅದಕ್ಕೆ ಬೇಕಾಗಿರೋದು ಅವಳ ಕೆಲಸ, ಸಂಬಳದ ಚೀಟಿ, ಕಂಪನಿ ರಜೆ ಮಂಜೂರು ಮಾಡಿದ ಪತ್ರ (ಯಾವತ್ತು ವಾಪಸ್ ಡ್ಯೂಟಿಗೆ ಅಂತ ತಾರೀಕು ಸಮೇತ), ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದೆ ವಿದೇಶಕ್ಕೆ ಹೋಗಿ ಸಮಯಕ್ಕೆ ವಾಪಸ್ ಬಂದ ಸೀಲ್‌ಗಳು. ಸಾವಿರಾರು ಯೂರೋ ರೀಫಂಡಬಲ್ ಟಿಕೆಟ್ ಇಟ್ಟು ರಜೆ ಪತ್ರ ಇಡದೇ ಹೋದ್ರೆ ಏನು ಪ್ರಯೋಜನ?

ಮತ್ತೆ ಅರ್ಜಿ ಹಾಕೋ ಹಿಂದಿನ ವಾರ ಅವಳ ಖಾತೆಗೆ ದೊಡ್ಡ ಮೊತ್ತ ಹಾಕಬೇಡಿ. ಸ್ಟೇಟ್‌ಮೆಂಟ್‌ನಲ್ಲಿ ಅದು ಎದ್ದು ಕಾಣುತ್ತೆ. ಖರ್ಚು ನೀವು ನೋಡ್ಕೊಳ್ತಿದ್ರೆ ನೀವೇ ನೋಡ್ಕೊಳ್ತೀರಿ ಅಂತ ನೇರ ಹೇಳಿ.

ಕಡತ_ಕೋಣೆ:
ಆ ನೇರ ಹೇಳೋ ದಾರಿಗೆ ಜರ್ಮನಿಯಲ್ಲಿ ಒಂದು ಹೆಸರಿದೆ, ಫೆರ್‌ಫ್ಲಿಶ್ಟುಂಗ್ಸ್‌ಎರ್‌ಕ್ಲೇರುಂಗ್. ಉಸಿರು ಕಟ್ಟುತ್ತೆ, ನಾವು ಆಫೀಸಲ್ಲಿ "ಎಫ್‌ಇ ಪೇಪರ್" ಅಂತೀವಿ. ನಿಮ್ಮ ಊರಿನ ಔಸ್‌ಲ್ಯಾಂಡರ್‌ಬೆಹೋರ್ಡೆಗೆ (ವಿದೇಶಿಯರ ಕಚೇರಿ) ಅಪಾಯಿಂಟ್‌ಮೆಂಟ್ ತಗೊಂಡು ಸಂಬಳದ ಚೀಟಿ, ಬಾಡಿಗೆ ಕರಾರು, ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ತೋರಿಸಿದ್ರೆ ಮಾಡಿಕೊಡ್ತಾರೆ. ಫೀ 29 ಯೂರೋ. ಅತಿಥಿಯ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಇರಬೇಕು. ಅಸಲು ಪತ್ರವನ್ನ ಕೊರಿಯರ್‌ನಲ್ಲಿ ಮನಿಲಾಗೆ ಕಳಿಸಬೇಕು, ಸ್ಕ್ಯಾನ್ ನಡೆಯಲ್ಲ. ಹಳೇದಾದ್ರೆ ಒಪ್ಪಲ್ಲ, ಆರು ತಿಂಗಳೊಳಗೆ ಬಳಸಿ.

ಸಹಿ ಮಾಡೋ ಮುಂಚೆ ಓದಿ. ಅವಳ ಊಟ, ವಸತಿ, ಆಸ್ಪತ್ರೆ, ಕೊನೆಗೆ ಗಡೀಪಾರು ಮಾಡಬೇಕಾಗಿ ಬಂದ್ರೆ ಅದರ ಖರ್ಚೂ ನಿಮ್ಮ ತಲೆಗೆ. ಕಾನೂನಿನ ಪ್ರಕಾರ ಈ ಹೊಣೆ ಐದು ವರ್ಷದವರೆಗೂ ಹೋಗಬಹುದು. ಬ್ರೇಕಪ್ ಆಯ್ತು ಅಂತ ಹೊಣೆ ಮುಗಿಯಲ್ಲ.

ಅಧಿಕಪ್ರಸಂಗಿ:
ಇಷ್ಟೆಲ್ಲಾ ಒದ್ದಾಡೋ ಬದಲು ಮದುವೆ ಆಗಿಬಿಡ್ರಪ್ಪ, ಡಿಪೆಂಡೆಂಟ್ ವೀಸಾ ಸಿಗುತ್ತೆ.

ಎಲೆಮರೆ_ಕಾಯಿ:
ಮೂರು ವಾರದ ರಜೆಗೆ ಮದುವೆನಾ? ನಮ್ಮಮ್ಮನ ಅಕೌಂಟ್ ಇದು ಅನ್ಸುತ್ತೆ.

ಕಡತ_ಕೋಣೆ, ಧನ್ಯವಾದ. ಎಫ್‌ಇ ಪೇಪರ್ ಇದ್ರೆ ಅವಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಡ್ವಾ? ಇನ್ಶೂರೆನ್ಸ್?

ಕಡತ_ಕೋಣೆ:
ದುಡ್ಡಿನ ಪ್ರಶ್ನೆಗೆ ಎಫ್‌ಇ ಉತ್ತರ ಕೊಡುತ್ತೆ. ವಾಪಸ್ ಹೋಗ್ತಾಳಾ ಅನ್ನೋ ಪ್ರಶ್ನೆಗೆ ಕೊಡಲ್ಲ. ಆದ್ದರಿಂದ ಸ್ಟೇಟ್‌ಮೆಂಟ್ ಇಡಿ, ಅಲ್ಲಿ ಸಂಬಳ ತಿಂಗಳು ತಿಂಗಳು ಬೀಳ್ತಿರೋದು ಕಾಣಲಿ. ಇನ್ಶೂರೆನ್ಸ್ ಬೇರೆಯೇ ಬೇಕು, ಕನಿಷ್ಠ 30,000 ಯೂರೋ, ಇಡೀ ಶೆಂಗೆನ್ ಪ್ರದೇಶಕ್ಕೆ, ಇಡೀ ವಾಸಕ್ಕೆ, ತುರ್ತು ಚಿಕಿತ್ಸೆ ಮತ್ತು ಸ್ವದೇಶಕ್ಕೆ ಕಳಿಸೋ ಖರ್ಚು ಸೇರಿ. ವೀಸಾ ರಿಜೆಕ್ಟ್ ಆದ್ರೆ ಪತ್ರ ತೋರಿಸಿ ಪ್ರೀಮಿಯಂ ವಾಪಸ್ ಪಡೆಯೋ ಪಾಲಿಸಿ ತಗೊಳ್ಳಿ, ಬೇಕಾದಷ್ಟಿವೆ.

ಗುಬ್ಬಚ್ಚಿ_ಗೂಡು:
ಬಾಯ್‌ಫ್ರೆಂಡ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನಾಗಿದ್ರೆ "ಫ್ರೆಂಡ್" ಅಂತಲೇ ಹಾಕ್ತಿದ್ದೆ. ಸುಳ್ಳೇನಲ್ಲ, ಫ್ರೆಂಡ್ ಹೌದಲ್ವಾ. ಸುಮ್ನೆ ಆಫೀಸರ್ ತಲೆಯಲ್ಲಿ ಹುಳ ಬಿಡೋದು ಯಾಕೆ?

ಮಳೆಬಿಲ್ಲು:
ಬೇಡವೇ ಬೇಡ. ಒಬ್ಬ ಗಂಡಸು ಅಪರಿಚಿತ ದೇಶದಲ್ಲಿ ಕೂತು, ಐದು ವರ್ಷದ ಹೊಣೆ ಹೊತ್ತು ಸಹಿ ಹಾಕಿ, ತನ್ನ ಒಂದು ರೂಮಿನ ಮನೆಯಲ್ಲಿ ಮೂರು ವಾರ ಇಟ್ಕೊಳ್ತಾನೆ ಅಂದ್ರೆ ಆಫೀಸರ್‌ಗೆ ಗೊತ್ತಾಗಲ್ವಾ? ಕೌಂಟರ್‌ನಲ್ಲಿ "ಇವರು ನಿಮಗೆ ಏನಾಗಬೇಕು, ಎಲ್ಲಿ ಪರಿಚಯ, ಎಷ್ಟು ದಿನದಿಂದ" ಅಂತ ಕೇಳೇ ಕೇಳ್ತಾರೆ. ಅಲ್ಲಿ ತಡವರಿಸಿದ್ರೆ ಮುಗೀತು. ನನ್ನ ಪಾರ್ಟ್ನರ್ ಬಂದಾಗ ಇನ್ವಿಟೇಶನ್ ಲೆಟರ್‌ನಲ್ಲಿ ನಾನೇ ಬರೆದೆ: ನಾವು ಸಂಬಂಧದಲ್ಲಿದ್ದೇವೆ, ಇಲ್ಲಿ ಪರಿಚಯ, ನಾನು ಅಲ್ಲಿಗೆ ಇಂತಿಂಥಾ ಸಮಯ ಹೋಗಿದ್ದೆ, ಈಗ ಅವರು ನನ್ನ ಊರು ನೋಡೋಕೆ ಬರ್ತಿದ್ದಾರೆ, ಇಂಥಾ ದಿನ ಕೆಲಸಕ್ಕೆ ವಾಪಸ್. ಒಂದು ಪುಟ. ಜೊತೆಗೆ ನನ್ನ ಪಾಸ್‌ಪೋರ್ಟ್ ಸೀಲ್‌ಗಳ ನಕಲು, ಇಬ್ಬರೂ ಇರೋ ಒಂದೆರಡು ಫೋಟೋ. ಚಾಟ್ ಪ್ರಿಂಟ್‌ಔಟ್ ಇಡಲಿಲ್ಲ, ನಮ್ಮ ಜಗಳಗಳನ್ನ ಎಂಬೆಸಿಯವರು ಓದೋದು ಬೇಕಿರಲಿಲ್ಲ.

ಗುಬ್ಬಚ್ಚಿ_ಗೂಡು:
ನಿಮಗೆ ಸಿಕ್ಕಿತು ಅಂತ ಎಲ್ಲರಿಗೂ ಸಿಗುತ್ತಾ? ಅಮೆರಿಕದಲ್ಲಿ ಬಾಯ್‌ಫ್ರೆಂಡ್ ಅಂದ ತಕ್ಷಣ ರಿಜೆಕ್ಟ್ ಆದವರನ್ನ ನೋಡಿದ್ದೀನಿ.

ತಿರುಗಾಲ:
ಅಮೆರಿಕದ ಕಥೆ ಬೇರೆ. ಅಲ್ಲಿ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ ವಿಸಿಟರ್ ವೀಸಾ ಕೇಳೋ ಪ್ರತಿಯೊಬ್ಬರೂ ನೆಲೆಸೋಕೇ ಬರ್ತಿದ್ದಾರೆ ಅಂತ ಮೊದಲೇ ಊಹೆ, ಅಲ್ಲ ಅಂತ ಸಾಬೀತು ಮಾಡೋದು ಅರ್ಜಿದಾರರ ಕೆಲಸ. ಎರಡು ನಿಮಿಷದ ಇಂಟರ್‌ವ್ಯೂ, ಹೆಚ್ಚಿನ ಪೇಪರ್ ನೋಡೋದೂ ಇಲ್ಲ. ಆದ್ರೆ ಅಲ್ಲೂ ಸುಳ್ಳು ಹೇಳಿ ಸಿಕ್ಕಿಬಿದ್ರೆ ಶಾಶ್ವತ ನಿಷೇಧದ ಅಪಾಯ. ಬ್ರಿಟನ್‌ನಲ್ಲಿ ವಂಚನೆ ಅಂತ ತೀರ್ಮಾನ ಆದ್ರೆ ಹತ್ತು ವರ್ಷ. ರಿಜೆಕ್ಟ್ ಆದ್ರೆ ಮತ್ತೆ ಹಾಕಬಹುದು. ಸುಳ್ಳುಗಾರ ಅಂತ ಫೈಲ್‌ನಲ್ಲಿ ಕೂತ್ರೆ ಏನು ಮಾಡ್ತೀರಿ?

ಗುಬ್ಬಚ್ಚಿ_ಗೂಡು:
"ಫ್ರೆಂಡ್" ಅನ್ನೋದು ಸುಳ್ಳು ಅಂತ ಯಾವ ಕೋರ್ಟ್ ಹೇಳುತ್ತೆ ಸ್ವಾಮಿ.

ತಿರುಗಾಲ:
ಕೋರ್ಟ್ ತನಕ ಯಾಕೆ, ಕೌಂಟರ್‌ನಲ್ಲಿ "ಬರೀ ಫ್ರೆಂಡಾ?" ಅಂತ ಕೇಳಿದಾಗ ಏನು ಹೇಳ್ತಾಳೆ ಹೇಳಿ.

ವೀಸಾ_ಸಹಾಯ_ಮಿತ್ರ:
ಎಲ್ಲಾ ಗೊಂದಲಕ್ಕೂ ಪರಿಹಾರ ನಮ್ಮಲ್ಲಿದೆ. ವೆರಿಫೈಡ್ ಟಿಕೆಟ್, ಹೋಟೆಲ್, ಬ್ಯಾಂಕ್ ಬ್ಯಾಲೆನ್ಸ್ ವ್ಯವಸ್ಥೆ, 100% ಗ್ಯಾರಂಟಿ. ವಾಟ್ಸ್ಆ್ಯಪ್ ಮಾಡಿ.

ಮಾಡರೇಟರ್:
ನಂಬರ್ ತೆಗೆದಿದ್ದೇನೆ. "ಬ್ಯಾಂಕ್ ಬ್ಯಾಲೆನ್ಸ್ ವ್ಯವಸ್ಥೆ" ಮಾಡೋರು ಇನ್ನೊಮ್ಮೆ ಬಂದ್ರೆ ಅಕೌಂಟ್ ಬ್ಲಾಕ್.

ರನ್‌ವೇ_ರಂಗ:
100% ಗ್ಯಾರಂಟಿ ಅಂತ ಜರ್ಮನ್ ವಿದೇಶಾಂಗ ಸಚಿವಾಲಯವೇ ಕೊಡಲ್ಲ 😂

ಸಂಜೆ_ಪಾಳಿ:
ತಾರೀಕಿನ ಬಗ್ಗೆ ಒಂದು ಮಾತು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದ್ರೆ 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಅಂದ್ರೆ 45 ದಿನದ ತನಕ ಎಳೀಬಹುದು. ಆದ್ರೆ ಇದೆಲ್ಲಾ ಅರ್ಜಿ ಒಳಗೆ ಹೋದ ಮೇಲಿನ ಲೆಕ್ಕ. ಅಪಾಯಿಂಟ್‌ಮೆಂಟ್ ಸಿಗೋಕೆ ಕಾಯೋ ವಾರಗಳು ಅದರಲ್ಲಿ ಇಲ್ಲ. ಬೇಸಿಗೆಗೆ ಬರೋದಾದ್ರೆ ಈಗಲೇ ಸ್ಲಾಟ್ ನೋಡೋಕೆ ಹೇಳಿ. ನಿಮ್ಮ ಎಫ್‌ಇ ಅಪಾಯಿಂಟ್‌ಮೆಂಟೂ ಅಷ್ಟೇ, ಕೆಲವು ಊರುಗಳಲ್ಲಿ ಅದೇ ಎಲ್ಲಕ್ಕಿಂತ ತಡ.

ಫೀ ವಯಸ್ಕರಿಗೆ 90 ಯೂರೋ, 2024ರ ಜೂನ್‌ನಿಂದ. ಜೊತೆಗೆ ಅರ್ಜಿ ತಗೊಳ್ಳೋ ವೀಸಾ ಸೆಂಟರ್‌ನವರ ಸರ್ವಿಸ್ ಚಾರ್ಜ್. ರಿಜೆಕ್ಟ್ ಆದ್ರೆ ಎರಡೂ ವಾಪಸ್ ಬರಲ್ಲ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಶೆಂಗೆನ್ ಬಿಟ್ಟು ಹೊರಡೋ ದಿನದಿಂದ ಮುಂದೆ ಮೂರು ತಿಂಗಳು ಚಾಲ್ತಿ ಇರಬೇಕು, ಎರಡು ಖಾಲಿ ಪುಟ ಬೇಕು.

ಪಾತ್ರೆಪಗಡಿ:
ಆರು ತಿಂಗಳು ಚಾಲ್ತಿ ಅಲ್ವಾ?

ಸಂಜೆ_ಪಾಳಿ:
ಶೆಂಗೆನ್‌ಗೆ ಮೂರು. ಆರು ಕೇಳೋ ದೇಶಗಳು ಬೇಕಾದಷ್ಟಿವೆ, ದಾರಿಯಲ್ಲಿ ಇಳಿದು ಹತ್ತೋ ದೇಶವೂ ಕೇಳಬಹುದು. ಆರು ಇದ್ರೆ ಯಾವ ಚಿಂತೆಯೂ ಇಲ್ಲ ಅಷ್ಟೇ.

ಬಾನಾಡಿ_ಭಾಗ್ಯ:
ನನ್ನ ಗಂಡ ಫಿಲಿಪೀನ್ಸ್‌ನವರು, ನಾವು ಬೇರೆ ಶೆಂಗೆನ್ ದೇಶದಲ್ಲಿದ್ದೀವಿ. ಮದುವೆಗೆ ಮುಂಚೆ ಅವರು ವಿಸಿಟ್‌ಗೆ ಬಂದಿದ್ರು. ಇಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ: ವೀಸಾ ಸಿಕ್ಕ ಮೇಲೂ ಫಿಲಿಪೀನ್ಸ್‌ನ ಸ್ವಂತ ಇಮಿಗ್ರೇಶನ್ ದಾಟಬೇಕು. ಮಾನವ ಕಳ್ಳಸಾಗಣೆ ತಡೆಯೋ ಹೆಸರಲ್ಲಿ ಅಲ್ಲಿನವರು ತಮ್ಮದೇ ಪ್ರಜೆಗಳನ್ನ ಏರ್‌ಪೋರ್ಟ್‌ನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ಸಮಾಧಾನ ಆಗದಿದ್ರೆ ವಿಮಾನ ಹತ್ತಿಸಲ್ಲ. ಅದಕ್ಕೆ ಅಲ್ಲಿನವರು "ಆಫ್‌ಲೋಡ್" ಅಂತಾರೆ. ವೀಸಾ ಸ್ಟಿಕರ್ ಇದ್ದೂ ಆಫ್‌ಲೋಡ್ ಆದವರಿದ್ದಾರೆ. ಮೊದಲ ಸಲ ವಿದೇಶಕ್ಕೆ ಹೊರಟ, ಖರ್ಚು ವಿದೇಶದ ಬಾಯ್‌ಫ್ರೆಂಡ್ ನೋಡ್ಕೊಳ್ಳೋ ಹುಡುಗಿ ಅಂದ್ರೆ ಎರಡನೇ ಸುತ್ತಿನ ಪ್ರಶ್ನೆ ಗ್ಯಾರಂಟಿ ಅಂದ್ಕೊಳ್ಳಿ.

ರಿಟರ್ನ್ ಟಿಕೆಟ್ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲಿ. ವೀಸಾ ಕೌಂಟರ್‌ನಲ್ಲಿ ರಿಸರ್ವೇಶನ್ ನಡೆಯುತ್ತೆ, ಮನಿಲಾ ಏರ್‌ಪೋರ್ಟ್‌ನಲ್ಲಿ ಕನ್ಫರ್ಮ್ ಆದ ರಿಟರ್ನ್ ಟಿಕೆಟ್ ಇಲ್ಲದೆ ಹೋಗೋದೇ ಬೇಡ. ಜೊತೆಗೆ ವೀಸಾಗೆ ಕೊಟ್ಟ ಅಷ್ಟೂ ಪೇಪರ್‌ನ ಒಂದು ಸೆಟ್ ಹ್ಯಾಂಡ್‌ಬ್ಯಾಗ್‌ನಲ್ಲಿ: ರಜೆ ಪತ್ರ, ಆಫೀಸ್ ಐಡಿ, ನಿಮ್ಮ ಇನ್ವಿಟೇಶನ್, ಎಫ್‌ಇ ನಕಲು, ನಿಮ್ಮ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ನಕಲು. ಹೊರಡೋ ಮುಂಚಿನ 72 ಗಂಟೆಯೊಳಗೆ ಅಲ್ಲಿನ ಸರ್ಕಾರದ ಇ-ಟ್ರಾವೆಲ್ ಸೈಟ್‌ನಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಇಟ್ಕೊಳ್ಳೋಕೆ ಹೇಳಿ, ಅದು ಉಚಿತ, ದುಡ್ಡು ಕೇಳೋ ಸೈಟ್ ನಕಲಿ. ಏರ್‌ಪೋರ್ಟ್‌ಗೆ ಬೇಗ ಹೋಗಲಿ. ಮತ್ತೆ ನಿಮ್ಮ ಫೋನ್ ಆ ಹೊತ್ತಿಗೆ ಆನ್ ಇರಲಿ, ನಡುರಾತ್ರಿ ಆದ್ರೂ.

ಎಲೆಮರೆ_ಕಾಯಿ:
ಇದು ಗೊತ್ತೇ ಇರಲಿಲ್ಲ!! ಅವಳಿಗೆ ಹೇಳಿದ್ರೆ "ಹೌದು, ಅದೇ ನನಗೆ ಎಂಬೆಸಿಗಿಂತ ಭಯ" ಅಂದಳು. ಸಿಎಫ್‌ಓ ಸರ್ಟಿಫಿಕೇಟ್ ಅಂತ ಏನೋ ಅಂದಳು, ಅದು ಬೇಕಾ?

ಬಾನಾಡಿ_ಭಾಗ್ಯ:
ಸಿಎಫ್‌ಓ ಅಂದ್ರೆ ಕಮಿಷನ್ ಆನ್ ಫಿಲಿಪಿನೋಸ್ ಓವರ್‌ಸೀಸ್. ವಿದೇಶಿ ಪ್ರಜೆಯ ಹೆಂಡತಿ, ಗಂಡ ಅಥವಾ ಮದುವೆ ನಿಶ್ಚಯ ಆದವರಾಗಿ ವಲಸೆ ಹೋಗೋರಿಗೆ ಅಲ್ಲಿ ಕೌನ್ಸೆಲಿಂಗ್ ಮುಗಿಸಿ ಸರ್ಟಿಫಿಕೇಟ್ ತಗೊಳ್ಳೋ ನಿಯಮ. ಬರೀ ಟೂರಿಸ್ಟ್ ವೀಸಾದಲ್ಲಿ ಸುತ್ತಾಡಿ ಬರೋ ಗರ್ಲ್‌ಫ್ರೆಂಡ್‌ಗೆ ಅದು ಅನ್ವಯಿಸಲ್ಲ. ಆದ್ರೆ ಇಮಿಗ್ರೇಶನ್ ಕೌಂಟರ್‌ನಲ್ಲಿ ಬಾಯ್ತಪ್ಪಿ "ಫಿಯಾನ್ಸೆ" ಅಂದ್ರೆ ತಕ್ಷಣ ಸಿಎಫ್‌ಓ ಕೇಳ್ತಾರೆ. ನಿಶ್ಚಿತಾರ್ಥ ಆಗಿಲ್ಲ ಅಂದ್ಮೇಲೆ ಆ ಮಾತು ಬರಬಾರದು. ಮಳೆಬಿಲ್ಲು ಹೇಳಿದ ಹಾಗೆ ಬಾಯ್‌ಫ್ರೆಂಡ್ ಅಂತ ನೇರ ಹೇಳಲಿ, ಅದಕ್ಕಿಂತ ಹೆಚ್ಚೂ ಬೇಡ ಕಡಿಮೆಯೂ ಬೇಡ.

ಅಧಿಕಪ್ರಸಂಗಿ:
ನೋಡಿದ್ರಾ, ಅದಕ್ಕೇ ಹೇಳಿದ್ದು ಮದುವೆ ಆಗಿ ಅಂತ. ಡೆನ್ಮಾರ್ಕ್‌ಗೆ ಹೋದ್ರೆ ಕೆಲವೇ ದಿನದಲ್ಲಿ ಮುಗಿಯುತ್ತಂತೆ.

ಕಡತ_ಕೋಣೆ:
ಅರ್ಧ ನಿಜ. ಜರ್ಮನಿಯಲ್ಲಿ ಮದುವೆಗೆ ಕೇಳೋ ಕಾಗದಪತ್ರಕ್ಕೆ ಹೆದರಿ ಡೆನ್ಮಾರ್ಕ್‌ಗೆ ಹೋಗೋ ಜೋಡಿಗಳು ಬಹಳ, ಆರೋ ದ್ವೀಪ ಅದಕ್ಕೇ ಹೆಸರುವಾಸಿ. ಅಲ್ಲಿನ ಕುಟುಂಬ ಕಾನೂನು ಏಜೆನ್ಸಿಯ ಅನುಮತಿ ಮೊದಲು ಬೇಕು. ಆದ್ರೆ ವಿಸಿಟ್ ವೀಸಾದಲ್ಲಿ ಬಂದು ಮದುವೆ ಆದ ತಕ್ಷಣ ಇಲ್ಲೇ ಉಳಿಯೋ ಹಕ್ಕು ಬರಲ್ಲ. ಸಾಮಾನ್ಯವಾಗಿ ವಾಪಸ್ ಹೋಗಿ ಕುಟುಂಬ ಸೇರೋ ನ್ಯಾಷನಲ್ ವೀಸಾಗೆ ಅಲ್ಲಿಂದಲೇ ಅರ್ಜಿ ಹಾಕಬೇಕು. ಬ್ಲೂ ಕಾರ್ಡ್‌ನವರ ಸಂಗಾತಿಗೆ ಜರ್ಮನ್ ಭಾಷೆಯ ಎ1 (ಮೊದಲ ಹಂತದ) ಪರೀಕ್ಷೆಯಿಂದ ವಿನಾಯಿತಿ ಇದೆ ಅನ್ನೋದು ಒಂದು ಅನುಕೂಲ. ಮದುವೆ ಉದ್ದೇಶ ಇಟ್ಕೊಂಡು "ಸುತ್ತಾಡೋಕೆ" ಅಂತ ವೀಸಾ ತಗೊಂಡ್ರೆ ಅದೇ ಮುಂದೆ ಕುತ್ತಿಗೆಗೆ ಬರುತ್ತೆ.

ಅಧಿಕಪ್ರಸಂಗಿ:
ಸರಿ ಬಿಡಿ, ಊಟಕ್ಕೆ ಕರೀಬೇಡಿ.

ಹಳೇ_ಹುಲಿ:
ಅಕಸ್ಮಾತ್ ರಿಜೆಕ್ಟ್ ಆದ್ರೆ ಹೆದರಬೇಡಿ. ಜರ್ಮನಿಯವರಲ್ಲಿ ರೆಮೊನ್‌ಸ್ಟ್ರೇಶನ್ ಅಂತ ಇದೆ, ಒಂದು ತಿಂಗಳೊಳಗೆ ಪತ್ರ ಬರೆದು ಪುನರ್‌ಪರಿಶೀಲನೆ ಕೇಳಬಹುದು, ಫೀ ಇಲ್ಲ. ನಮ್ಮ ಕಾಲದಲ್ಲಿ ಅದರಿಂದಲೇ ಸಿಕ್ಕಿತ್ತು.

ಸಂಜೆ_ಪಾಳಿ:
ಆ ಬಾಗಿಲು ಮುಚ್ಚಿತು. 2025ರ ಜುಲೈ 1ರಿಂದ ಜರ್ಮನಿ ಜಗತ್ತಿನಾದ್ಯಂತ ರೆಮೊನ್‌ಸ್ಟ್ರೇಶನ್ ರದ್ದು ಮಾಡಿದೆ. ಈಗ ಇರೋದು ಎರಡೇ: ಕೊರತೆ ಸರಿಪಡಿಸಿ ಹೊಸ ಅರ್ಜಿ, ಇಲ್ಲಾಂದ್ರೆ ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ಕೇಸ್. ಮೂರು ವಾರದ ರಜೆಗೆ ಯಾರೂ ಕೇಸ್ ಹಾಕಲ್ಲ. ಆದ್ದರಿಂದ ಮೊದಲ ಫೈಲ್ ಗಟ್ಟಿಯಾಗಿರಲಿ. ರಿಜೆಕ್ಷನ್ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಇರುತ್ತೆ, ಬೇರೆ ಶೆಂಗೆನ್ ದೇಶಕ್ಕೆ ಹಾಕಿದ್ರೂ ಕಾಣುತ್ತೆ.

ಹಳೇ_ಹುಲಿ:
ಅಯ್ಯೋ, ಅದನ್ನೂ ತೆಗೆದ್ರಾ. ಇದ್ದ ಒಂದು ಒಳ್ಳೇದು.

ಮೂಲೆ_ಸೀಟು:
ಬೇರೆ ಶೆಂಗೆನ್ ದೇಶ ಅಂದ ತಕ್ಷಣ ನೆನಪಾಯ್ತು. ಫ್ರಾನ್ಸ್‌ನಲ್ಲಿ ಬೇಗ ಸ್ಲಾಟ್ ಸಿಗುತ್ತೆ ಅಂತ ಅಲ್ಲಿಗೆ ಹಾಕಿ ಜರ್ಮನಿಗೆ ಬಂದ್ರೆ?

ತಿರುಗಾಲ:
ಬೇಡ. ಹೆಚ್ಚು ದಿನ ಎಲ್ಲಿ ಇರ್ತೀರೋ ಆ ದೇಶಕ್ಕೇ ಅರ್ಜಿ. ಮೊದಲು ಇಳಿಯೋ ದೇಶ ಲೆಕ್ಕಕ್ಕೆ ಬರೋದು ಮುಖ್ಯ ತಾಣ ಯಾವುದು ಅಂತ ಹೇಳೋಕೆ ಆಗದಿದ್ದಾಗ. ಎಫ್‌ಇ ಪೇಪರ್ ಜರ್ಮನಿಯದು, ವಿಳಾಸ ಜರ್ಮನಿಯದು, ಅರ್ಜಿ ಫ್ರಾನ್ಸ್‌ಗೆ ಅಂದ್ರೆ ನಗ್ತಾರೆ. ಪ್ಯಾರಿಸ್‌ನಲ್ಲಿ ವಿಮಾನ ಬದಲಿಸಿ ಬರೋದು ಬೇರೆ ಮಾತು, ಅದು ಧಾರಾಳವಾಗಿ ಆಗುತ್ತೆ. ಆಗ ಇಮಿಗ್ರೇಶನ್ ಪ್ಯಾರಿಸ್‌ನಲ್ಲೇ, ಮುಂದಿನದು ದೇಶದೊಳಗಿನ ಫ್ಲೈಟ್ ಇದ್ದ ಹಾಗೆ. ಕನೆಕ್ಷನ್ ಸಮಯ ಉದಾರವಾಗಿ ಇಟ್ಕೊಳ್ಳಿ. 2025ರ ಅಕ್ಟೋಬರ್‌ನಿಂದ ಇಇಎಸ್ ಶುರುವಾಗಿದೆ, ಪಾಸ್‌ಪೋರ್ಟ್‌ಗೆ ಸೀಲ್ ಹೊಡೆಯೋ ಬದಲು ಕಂಪ್ಯೂಟರ್‌ನಲ್ಲಿ ದಾಖಲಿಸೋ ವ್ಯವಸ್ಥೆ. ಮೊದಲ ಸಲ ಬರೋರದ್ದು ಮುಖದ ಫೋಟೋ ತೆಗೀತಾರೆ, ಸಾಲು ನಿಧಾನ.

ಬಿಸಿಲುಕುದುರೆ:
ಒಂದೇ ಪಿಎನ್‌ಆರ್‌ನಲ್ಲಿ ತಗೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಎರಡು ಅಗ್ಗದ ಟಿಕೆಟ್ ಜೋಡಿಸಿದ್ರೆ ನಡುವಿನ ದೇಶದಲ್ಲಿ ಲಗೇಜ್ ತಗೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಅದಕ್ಕೆ ಆ ದೇಶದೊಳಗೆ ಕಾಲಿಡಬೇಕು, ಅಂದ್ರೆ ಅಲ್ಲಿನ ವೀಸಾ ನಿಯಮ ಅನ್ವಯ. ಒಂದು ವಿಮಾನ ತಡ ಆದ್ರೆ ಎರಡನೆಯದು ನಿಮ್ಮ ಹಣೆಬರಹ.

ರನ್‌ವೇ_ರಂಗ:
ಮತ್ತೆ ಚೆಕ್‌ಇನ್ ಕೌಂಟರ್‌ನಲ್ಲಿ ಕೂತಿರೋರು ದಾಖಲೆ ನೋಡೋದು ಸುಮ್ನೆ ಅಲ್ಲ. ಸರಿಯಾದ ವೀಸಾ ಇಲ್ಲದವರನ್ನ ಹತ್ತಿಸಿಕೊಂಡು ಬಂದ ಏರ್‌ಲೈನ್‌ಗೆ ದಂಡ ಹಾಕಬೇಕು ಅಂತ ಯೂರೋಪಿನ 2001ರ ನಿರ್ದೇಶನವೇ ಇದೆ, ಒಬ್ಬರಿಗೆ ಸಾವಿರಾರು ಯೂರೋ. ವಾಪಸ್ ಕರ್ಕೊಂಡು ಹೋಗೋದೂ ಅವರದೇ ಹೊಣೆ. ಅದಕ್ಕೇ ಅವರು ಯಾವ ದೇಶಕ್ಕೆ ಯಾವ ದಾಖಲೆ ಬೇಕು ಅಂತ ಹೇಳೋ ಟಿಮ್ಯಾಟಿಕ್ ಅನ್ನೋ ವ್ಯವಸ್ಥೆ ನೋಡಿ, ಅದು ಹೇಳಿದ ಹಾಗೆ ಮಾಡ್ತಾರೆ. ಕೌಂಟರ್‌ನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ.

ಹೆಸರು ನೋಡ್ಕೊಳ್ಳಿ. ಫಿಲಿಪೀನ್ಸ್ ಪಾಸ್‌ಪೋರ್ಟ್‌ನಲ್ಲಿ ಮಿಡಲ್ ನೇಮ್ ಅಂದ್ರೆ ತಾಯಿಯ ತವರಿನ ಸರ್‌ನೇಮ್. ಪ್ರೀತಿಯಿಂದ ಟಿಕೆಟ್ ಬುಕ್ ಮಾಡೋ ಬಾಯ್‌ಫ್ರೆಂಡ್‌ಗಳು ಎರಡನೇ ಗಿವನ್ ನೇಮ್ ಬಿಟ್ಟು ಮಿಡಲ್ ನೇಮ್ ಹಾಕಿ ಎಡವಟ್ಟು ಮಾಡೋದು ನಾನು ಕಂಡಿದ್ದೀನಿ. ಪಾಸ್‌ಪೋರ್ಟ್ ಫೋಟೋ ತರಿಸಿಕೊಂಡು ಕೆಳಗಿನ ಎರಡು ಸಾಲು ನೋಡಿ ಟೈಪ್ ಮಾಡಿ.

ಎಲೆಮರೆ_ಕಾಯಿ:
ಅವಳಿಗೆ ಗಿವನ್ ನೇಮೇ ಮೂರಿವೆ. ಬುಕಿಂಗ್ ಅವಳೇ ಮಾಡಲಿ, ಕಾರ್ಡ್ ನಂದು. ಬೇರೆಯವರ ಕಾರ್ಡ್‌ನಿಂದ ತಗೊಂಡ್ರೆ ತೊಂದರೆನಾ?

ರನ್‌ವೇ_ರಂಗ:
ಸಾಮಾನ್ಯವಾಗಿ ಇಲ್ಲ. ಕೆಲವು ಏರ್‌ಲೈನ್‌ಗಳು ಮಾತ್ರ ಚೆಕ್‌ಇನ್‌ನಲ್ಲಿ ಕಾರ್ಡ್ ತೋರಿಸಿ ಅಂತಾರೆ, ಬುಕಿಂಗ್ ಮಾಡುವಾಗ ಆ ಸೂಚನೆ ಬರುತ್ತೆ. ಬಂದ್ರೆ ಮೊದಲೇ ಕಸ್ಟಮರ್ ಕೇರ್‌ಗೆ ಬರೆದು ಸರಿಮಾಡಿಸಿ. ಖರ್ಚು ನಿಮ್ಮದು ಅಂತ ಇನ್ವಿಟೇಶನ್‌ನಲ್ಲೇ ಇರುತ್ತಲ್ಲ, ಎರಡೂ ಹೊಂದುತ್ತೆ.

ಸುಮ್ನೆ_ಓದೋನು:
ಇಷ್ಟೆಲ್ಲಾ ಓದಿ ನನಗೆ ಗರ್ಲ್‌ಫ್ರೆಂಡ್ ಇಲ್ಲದಿರೋದೇ ನೆಮ್ಮದಿ ಅನ್ನಿಸ್ತಿದೆ.

ಪಾತ್ರೆಪಗಡಿ:
ಇಬ್ಬರಿಗೂ ವೀಸಾ ತಲೆನೋವಿಲ್ಲದ ಜಾಗದಲ್ಲಿ ಭೇಟಿ ಆಗಬಹುದಲ್ಲಾ? ಮಲೇಷ್ಯಾ ನೋಡಿ. ಭಾರತೀಯರಿಗೆ 2026ರ ಕೊನೆ ತನಕ 30 ದಿನ ವೀಸಾ ಬೇಡ, ಫಿಲಿಪೀನ್ಸ್‌ನವರಿಗೆ ಆಸಿಯಾನ್ ಆದ್ದರಿಂದ ಮೊದಲಿಂದಲೂ ಬೇಡ. ಇಲ್ಲಾ ನೀವೇ ಹೋಗಿ, 2025ರ ಜೂನ್‌ನಿಂದ ಭಾರತೀಯರಿಗೆ ಫಿಲಿಪೀನ್ಸ್ 14 ದಿನ ವೀಸಾ ಇಲ್ಲದೆ ಬಿಡುತ್ತೆ.

ಬಾನಾಡಿ_ಭಾಗ್ಯ:
ಆ 14 ದಿನ ಮುಂದುವರಿಸೋಕೆ ಆಗಲ್ಲ, ಮತ್ತೆ ರಿಟರ್ನ್ ಅಥವಾ ಮುಂದಿನ ದೇಶದ ಟಿಕೆಟ್ ಕಡ್ಡಾಯ. ಅಲ್ಲಿ ರಿಸರ್ವೇಶನ್ ಆಟ ನಡೆಯಲ್ಲ, ಏರ್‌ಲೈನ್‌ನವರೇ ಹತ್ತಿಸಲ್ಲ.

ಎಲೆಮರೆ_ಕಾಯಿ:
ಪ್ರತಿ ಸಲ ನಾನೇ ಹೋಗಿದ್ದೀನಿ ಸ್ವಾಮಿ. ಅವಳು ಹಿಮ ನೋಡಿಲ್ಲ, ನಾನು ಇರೋ ಮನೆ ನೋಡಿಲ್ಲ. ಅದಕ್ಕೇ ಇಷ್ಟು ಹಟ.

ಮಳೆಬಿಲ್ಲು:
ಹಿಮ ಅಂದ್ರೆ ಡಿಸೆಂಬರ್-ಜನವರಿ, ಕ್ರಿಸ್‌ಮಸ್ ಹೊತ್ತಿಗೆ ಫಿಲಿಪೀನ್ಸ್‌ನಿಂದ ಹೊರಡೋ ಟಿಕೆಟ್ ರೇಟ್ ನೋಡಿದ್ದೀರಾ? ಅವರಿಗೆ ಕ್ರಿಸ್‌ಮಸ್ ಸೀಸನ್ ಸೆಪ್ಟೆಂಬರ್‌ನಲ್ಲೇ ಶುರು. ಜನವರಿ ಅರ್ಧದ ಮೇಲೆ ನೋಡಿ. ಹಿಮ ಬಿದ್ದೇ ಬೀಳುತ್ತೆ ಅಂತ ಯಾವ ಊರಲ್ಲೂ ಹೇಳೋಕಾಗಲ್ಲ, ಆಲ್ಪ್ಸ್ ಕಡೆ ಎರಡು ದಿನ ಇಟ್ಕೊಳ್ಳಿ. ಇಟಿನರರಿಯಲ್ಲಿ ಬರೆಯೋಕೂ ಚೆನ್ನಾಗಿರುತ್ತೆ.

ಸಂಜೆ_ಪಾಳಿ:
ಇಟಿನರರಿಗೆ ತಕ್ಕ ಹಾಗೆ ದಿನ ಕೊಡ್ತಾರೆ ಅನ್ನೋದೂ ನೆನಪಿರಲಿ. 90 ದಿನ ಅನ್ನೋದು ಗರಿಷ್ಠ, ಪ್ರತಿಯೊಬ್ಬರಿಗೂ ಸಿಗೋದಲ್ಲ. ಸ್ಟಿಕರ್ ಬಂದ ಕೂಡಲೇ ಎರಡು ಬೇರೆ ಬೇರೆ ಅಂಕೆ ನೋಡಿ. ಒಂದು, ಯಾವ ತಾರೀಕಿನಿಂದ ಯಾವ ತಾರೀಕಿನ ತನಕ ವೀಸಾ ಚಾಲ್ತಿ. ಇನ್ನೊಂದು, ಆ ಅವಧಿಯೊಳಗೆ ಎಷ್ಟು ದಿನ ಇರಬಹುದು. ಚಾಲ್ತಿ ಅವಧಿಗೆ ಸಾಮಾನ್ಯವಾಗಿ 15 ದಿನ ಹೆಚ್ಚು ಸೇರಿಸಿರ್ತಾರೆ, ಪ್ರಯಾಣ ಹಿಂದೆ ಮುಂದೆ ಆದ್ರೆ ಇರಲಿ ಅಂತ. ಅದನ್ನ ನೋಡಿ "ಓ, ಇನ್ನೂ ಎರಡು ವಾರ ಇರಬಹುದು" ಅಂತ ಟಿಕೆಟ್ ಮುಂದೆ ಹಾಕಿದವರು ಓವರ್‌ಸ್ಟೇ ಆಗಿ ಸಿಕ್ಕಿಬೀಳ್ತಾರೆ. ಈಗ ಇಇಎಸ್ ಕಂಪ್ಯೂಟರೇ ಎಣಿಸುತ್ತೆ, ಸೀಲ್ ಮಸುಕಾಗಿತ್ತು ಅಂತ ಹೇಳೋಕಾಗಲ್ಲ.

ಮೂಲೆ_ಸೀಟು:
ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕಾ?

ಸಂಜೆ_ಪಾಳಿ:
ಎರಡೂ. ರಾತ್ರಿ 11.40ಕ್ಕೆ ಇಳಿದು ಗಡಿ ದಾಟಿದ್ರೂ ಅದು ಒಂದು ಪೂರ್ತಿ ದಿನ. 21 ದಿನ ಕೊಟ್ಟು 1ನೇ ತಾರೀಕು ಒಳಗೆ ಬಂದ್ರೆ 21ನೇ ತಾರೀಕು ಶೆಂಗೆನ್ ಗಡಿ ದಾಟಿ ಹೊರಗಿರಬೇಕು, 22 ಅಲ್ಲ. ಮನಿಲಾ ಬಿಟ್ಟ ದಿನ ಲೆಕ್ಕಕ್ಕಿಲ್ಲ.

ಎಲೆಮರೆ_ಕಾಯಿ:
ಹಾಗಾದ್ರೆ ಅರ್ಜಿಯಲ್ಲಿ ಮೂರು ವಾರ ಅನ್ನೋ ಬದಲು ಒಂದೆರಡು ದಿನ ಸೇರಿಸಿ 23 ಅಂತ ಕೇಳಿದ್ರೆ? ವಾಪಸ್ ಫ್ಲೈಟ್ ಕ್ಯಾನ್ಸಲ್ ಆದ್ರೆ ಅಂತ.

ಕಡತ_ಕೋಣೆ:
ಕೇಳಿ, ಆದ್ರೆ ಎಲ್ಲಾ ಪೇಪರ್‌ನಲ್ಲೂ ಅದೇ ಇರಲಿ. ರಿಸರ್ವೇಶನ್, ಇನ್ಶೂರೆನ್ಸ್, ಎಫ್‌ಇ, ರಜೆ ಪತ್ರ, ಇನ್ವಿಟೇಶನ್, ಐದರಲ್ಲೂ ತಾರೀಕು ಹೊಂದಬೇಕು. ರಜೆ 21 ದಿನ, ಟಿಕೆಟ್ 23 ದಿನ ಅಂದ್ರೆ ಆಫೀಸರ್ ಮೊದಲು ಕೇಳೋದೇ ಅದನ್ನ. ವಿಮಾನ ರದ್ದಾಗಿ ಸಿಕ್ಕಿಹಾಕಿಕೊಂಡ್ರೆ ಅದು ನಿಮ್ಮ ಕೈ ಮೀರಿದ ಕಾರಣ, ಏರ್‌ಲೈನ್‌ನಿಂದ ಬರಹದಲ್ಲಿ ತಗೊಂಡು ವೀಸಾ ಮುಗಿಯೋ ಮುಂಚೆಯೇ ಔಸ್‌ಲ್ಯಾಂಡರ್‌ಬೆಹೋರ್ಡೆಗೆ ಹೋದ್ರೆ ವಿಸ್ತರಣೆ ಕೊಡೋ ಅವಕಾಶ ಇದೆ.

ಮೂಲೆ_ಸೀಟು:
ಇದೇ ಥ್ರೆಡ್‌ನಲ್ಲಿ ಕೇಳ್ತೀನಿ, ಅಪ್ಪ ಅಮ್ಮ ಬರೋದಕ್ಕೂ ಇದೇ ಎಫ್‌ಇ ಪೇಪರ್ರಾ? ಇಬ್ಬರಿಗೂ ಸೇರಿ ಒಂದೇ ಸಾಕಾ? ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ.

ಮಾಡರೇಟರ್:
ಸರ್‌ನೇಮ್ ಖಾಲಿ ಅನ್ನೋದು ಇನ್ನೂರು ಉತ್ತರದ ವಿಷಯ. ಹೊಸ ಥ್ರೆಡ್ ತೆರೆಯಿರಿ, ಇಲ್ಲಿ ಬೇಡ.

ಅಧಿಕಪ್ರಸಂಗಿ:
ಅಲ್ಲಿಗೆ ನಾನೂ ಬರ್ತೀನಿ.